ಹೆಸರು ಒಂದೇ, ಅಳತೆ ಬೇರೆ

ಪ್ರಶ್ನೆ: ಒಂದೇ ಕಂಪನಿಯ ಫಾಸ್ಟ್‌ಫುಡ್ ಅಮೆರಿಕದಲ್ಲಿ ದೊಡ್ಡದಿರುತ್ತದೆ, ಬೇರೆ ದೇಶಗಳಲ್ಲಿ ಚಿಕ್ಕದು ಅಂತಾರೆ. ಖರೇನ?
– ಓದುಗರು, ಇಜೇರಿ, ಜೇವರ್ಗಿ ತಾಲ್ಲೂಕು

ಉತ್ತರ: ಬಹುಮಟ್ಟಿಗೆ ನಿಜ. ಸಂಶೋಧಕ ಪಾಲ್ ರೋಜಿನ್ ಮತ್ತು ಸಂಗಡಿಗರು ಪ್ಯಾರಿಸ್ ಹಾಗೂ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲುಗಳ ತಿನಿಸು ತೂಗಿ 2003ರಲ್ಲಿ ಲೆಕ್ಕ ಪ್ರಕಟಿಸಿದರು. ಒಂದು ಪಾಲಿನ ಸರಾಸರಿ ತೂಕ ಪ್ಯಾರಿಸ್‌ನಲ್ಲಿ 277 ಗ್ರಾಂ, ಫಿಲಡೆಲ್ಫಿಯಾದಲ್ಲಿ 346 ಗ್ರಾಂ.

ಅಮೆರಿಕವೂ ಮೊದಲಿನಿಂದ ಹೀಗಿರಲಿಲ್ಲ. 1955ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಕೋಲಾ ಲೋಟ ಬರೀ 7 ಔನ್ಸ್, ಅಂದರೆ ಸುಮಾರು 200 ಮಿಲಿಲೀಟರ್. ಮುಂದೆ ಅಲ್ಲಿಯ ದೊಡ್ಡ ಲೋಟ 30 ಔನ್ಸ್ ಮುಟ್ಟಿತು. ಕಾರಣ ವ್ಯಾಪಾರದ್ದೇ: ಬಾಡಿಗೆ, ಕೂಲಿ, ಜಾಹೀರಾತಿನ ಮುಂದೆ ಆಲೂಗಡ್ಡೆ, ಸಕ್ಕರೆ, ನೀರಿನ ಖರ್ಚು ಅಲ್ಪ. ಸ್ವಲ್ಪ ಹೆಚ್ಚು ಸುರಿದು ಸಾಕಷ್ಟು ಹೆಚ್ಚು ಬೆಲೆ ಪಡೆಯಬಹುದು. ಟೀಕೆಗಳ ನಡುವೆ 2004ರಲ್ಲಿ ಆ ಕಂಪನಿ ‘ಸೂಪರ್ ಸೈಜ್’ ಎಂಬ ಅತಿ ದೊಡ್ಡ ಅಳತೆಯನ್ನು ಕೈಬಿಡುವುದಾಗಿ ಹೇಳಿತು.

ನಮ್ಮಲ್ಲಿ ಹಂಚಿಕೊಳ್ಳುವ ರೂಢಿ ಬಲವಾಗಿದೆ. ಬೆಂಗಳೂರಿನ ದರ್ಶಿನಿಗಳಲ್ಲಿ ‘ಬೈ ಟು ಕಾಫಿ’ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇದು ನಿಜಕ್ಕೂ ಹೆಮ್ಮೆಪಡುವ ಪದ್ಧತಿ. ಆದರೆ ‘ಲಾರ್ಜ್’ ಕಾಂಬೊ ಈಗ ಇಲ್ಲಿಗೂ ಬಂದಿದೆ. ಸ್ಮಾಲ್, ಮೀಡಿಯಂ ಎಂಬ ಹೆಸರು ನಂಬಬೇಡಿ. ಎಷ್ಟು ಗ್ರಾಂ, ಎಷ್ಟು ಮಿಲಿಲೀಟರ್ ಎಂದು ಕೇಳಿಯೇ ದುಡ್ಡು ಕೊಡಿ.