ಟ್ರ್ಯಾಕ್ಟರ್ ಇಂಜಿನ್ನಿನ ಥರ್ಮೋಸ್ಟಾಟ್: ಗುರುತಿಸುವುದು, ಬದಲಿಸುವುದು

ಮುಂಗಾರಿನ ಹದಮಳೆ ಬಿದ್ದೊಡನೆ ಟ್ರ್ಯಾಕ್ಟರಿಗೆ ಬಿಡುವಿಲ್ಲದ ಕೆಲಸ. ಅಂಥ ದಿನಗಳಲ್ಲೇ ಇಂಜಿನ್ ಕಾದು ನಿಂತರೆ ಬಿತ್ತನೆಯ ಹದ ಕೈತಪ್ಪುತ್ತದೆ. ಇಂಜಿನ್ ಕಾಯಲು ಇರುವ ಹಲವು ಕಾರಣಗಳಲ್ಲಿ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಥರ್ಮೋಸ್ಟಾಟ್ ಕೆಡುವುದೂ ಒಂದು. ಕೆಟ್ಟ ಥರ್ಮೋಸ್ಟಾಟನ್ನು ತೆಗೆದುಹಾಕಿ, ಅದಿಲ್ಲದೆಯೇ ಟ್ರ್ಯಾಕ್ಟರ್ ನಡೆಸುವವರೂ ಇದ್ದಾರೆ. ಇದು ಸರಿಯಾದ ಕ್ರಮವಲ್ಲ.

ಇದರ ಕೆಲಸವೇನು?

ಥರ್ಮೋಸ್ಟಾಟ್ ಎಂದರೆ ಉಷ್ಣತೆಗೆ ತಕ್ಕಂತೆ ತಾನಾಗಿಯೇ ತೆರೆದು ಮುಚ್ಚುವ ಕವಾಟ. ಇಂಜಿನ್ ತಣ್ಣಗಿರುವಾಗ ಇದು ಮುಚ್ಚಿದ್ದು, ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ. ನೀರು ಸುಮಾರು 82° ಸೆಂ. ಮುಟ್ಟಿದಾಗ ಒಳಗಿರುವ ಮೇಣ ಕರಗಿ ಹಿಗ್ಗಿ, ಕವಾಟವನ್ನು ತೆರೆಯುತ್ತದೆ. ತೆರೆಯುವ ಉಷ್ಣತೆ ಎಲ್ಲ ಇಂಜಿನ್‌ಗಳಲ್ಲೂ ಒಂದೇ ಅಲ್ಲ. ಸಾಮಾನ್ಯವಾಗಿ ಅದನ್ನು ಥರ್ಮೋಸ್ಟಾಟ್ ಮೇಲೆಯೇ ಅಚ್ಚೊತ್ತಿರುತ್ತಾರೆ.

ಥರ್ಮೋಸ್ಟಾಟ್ ಇಲ್ಲದಿದ್ದರೆ ಇಂಜಿನ್ ಬೇಗ ಬಿಸಿಯಾಗದು. ಆಗ ಡೀಸೆಲ್ ಪೂರ್ತಿ ಉರಿಯದೆ ಖರ್ಚು ಹೆಚ್ಚುತ್ತದೆ. ಉರಿಯದ ಡೀಸೆಲ್ ಇಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಸಿಲಿಂಡರ್, ರಿಂಗುಗಳು ಬೇಗ ಸವೆಯುತ್ತವೆ. ಕೆಲವು ಇಂಜಿನ್‌ಗಳಲ್ಲಿ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಹಿಂದಿರುಗುವುದರಿಂದ, ಭಾರದ ಉಳುಮೆಯಲ್ಲಿ ಇಂಜಿನ್ ಇನ್ನಷ್ಟು ಕಾಯಲೂಬಹುದು.

ಎಲ್ಲಿರುತ್ತದೆ?

ರೇಡಿಯೇಟರಿನ ಮೇಲ್ಭಾಗದಿಂದ ಹೊರಡುವ ದಪ್ಪ ರಬ್ಬರ್ ಪೈಪನ್ನು ಹಿಡಿದು ಇಂಜಿನ್ ಕಡೆಗೆ ಹೋದರೆ, ಅದು ಸಿಲಿಂಡರ್ ಹೆಡ್ಡಿನ ಬಳಿ ಲೋಹದ ಮುಚ್ಚಳಕ್ಕೆ ಸೇರುವುದು ಕಾಣುತ್ತದೆ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಥರ್ಮೋಸ್ಟಾಟ್ ಈ ಮುಚ್ಚಳದ ಕೆಳಗಿರುತ್ತದೆ. ಕೆಲವು ಕಾರುಗಳಲ್ಲಿ ಕೆಳಗಿನ ಪೈಪಿನ ಕಡೆ ಇರುವುದುಂಟು. ಗಾಳಿಯಿಂದ ತಂಪಾಗುವ ಇಂಜಿನ್‌ಗಳಿಗೆ ರೇಡಿಯೇಟರೂ ಇಲ್ಲ, ಈ ಕವಾಟವೂ ಇಲ್ಲ.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಮೊದಲು ನೀರಿನ ಮಟ್ಟ, ಫ್ಯಾನ್ ಬೆಲ್ಟಿನ ಬಿಗಿ, ರೇಡಿಯೇಟರಿಗೆ ಹೊಟ್ಟು ಧೂಳು ಅಡರಿದೆಯೇ ಎಂಬುದನ್ನು ನೋಡಬೇಕು. ಇವೆಲ್ಲ ಸರಿಯಿದ್ದು, ಇಂಜಿನ್ ಕಾದರೂ ರೇಡಿಯೇಟರ್ ತಣ್ಣಗೇ ಇದ್ದರೆ ಕವಾಟ ಮುಚ್ಚಿದಂತೆಯೇ ಸಿಕ್ಕಿಕೊಂಡಿರಬಹುದು. ಎಷ್ಟು ಹೊತ್ತು ನಡೆಸಿದರೂ ಉಷ್ಣತೆಯ ಮುಳ್ಳು ಮೇಲೇರದಿದ್ದರೆ ತೆರೆದಂತೆಯೇ ನಿಂತಿರಬಹುದು.

ಹೊರತೆಗೆದ ಥರ್ಮೋಸ್ಟಾಟನ್ನು ದಾರದಿಂದ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಕಾಯಿಸಬೇಕು. ತಣ್ಣೀರಿನಲ್ಲಿ ಮುಚ್ಚಿರಬೇಕು, ಅಚ್ಚೊತ್ತಿದ ಉಷ್ಣತೆಯ ಸುಮಾರಿಗೆ ತೆರೆಯತೊಡಗಬೇಕು. 82° ಸೆಂ. ಗುರುತಿನದು ನೀರು ಕುದಿಯುವ ಹೊತ್ತಿಗೂ ಬಾಯಿ ಬಿಡದಿದ್ದರೆ ಕೆಟ್ಟಿದೆಯೆಂದೇ ತಿಳಿಯಬೇಕು. ಇದನ್ನು ರಿಪೇರಿ ಮಾಡಲಾಗದು, ಬದಲಿಸತಕ್ಕದ್ದು.

ಬದಲಿಸುವ ಕ್ರಮ

1. ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಚಿಮ್ಮಿ ಮುಖ, ಕೈ ಸುಡುತ್ತದೆ.

2. ಥರ್ಮೋಸ್ಟಾಟಿನ ಮಟ್ಟಕ್ಕಿಂತ ಕೆಳಗಿಳಿಯುವಷ್ಟು ನೀರನ್ನು ಶುದ್ಧ ಪಾತ್ರೆಗೆ ಬಸಿಯಿರಿ. ಕೂಲೆಂಟ್ ಬೆರೆತ ನೀರು ಸಿಹಿಯಾಗಿದ್ದರೂ ವಿಷ. ದನಕರು, ನಾಯಿ, ಮಕ್ಕಳಿಂದ ದೂರವಿಡಿ.

3. ಪೈಪಿನ ಕ್ಲಿಪ್ ಸಡಿಲಿಸಿ, ಬೋಲ್ಟುಗಳನ್ನು ಬಿಚ್ಚಿ ಮುಚ್ಚಳ ತೆಗೆಯಿರಿ. ಹಳೆಯದು ಕುಳಿತಿರುವ ರೀತಿಯನ್ನು ಗಮನಿಸಿ.

4. ರಂಧ್ರಕ್ಕೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟನ್ನು ಕೆರೆದು ಶುಚಿಮಾಡಿ, ಬಟ್ಟೆಯನ್ನು ಮರೆಯದೆ ತೆಗೆಯಿರಿ.

5. ಅದೇ ಉಷ್ಣತೆಯ ಹೊಸ ಥರ್ಮೋಸ್ಟಾಟನ್ನು, ಮೇಣದ ಭಾಗ ಇಂಜಿನ್ ಕಡೆಗಿರುವಂತೆ ಕೂರಿಸಿ. ತಲೆಕೆಳಗಾದರೆ ಇಂಜಿನ್ ಕಾಯುವುದು ಖಂಡಿತ.

6. ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ, ಸಮನಾಗಿ ಬಿಗಿಯಿರಿ. ಪೈಪನ್ನು ಕ್ಲಿಪ್ಪಿನಿಂದ ಬಿಗಿಮಾಡಿ.

7. ನೀರು ತುಂಬಿ ಇಂಜಿನ್ ನಡೆಸಿ ಸೋರಿಕೆ ನೋಡಿ. ತಣ್ಣಗಾದ ಮೇಲೆ ಕಡಮೆಯಾದ ನೀರನ್ನು ಮತ್ತೆ ತುಂಬಿ.

ಗಡಸು ಕೊಳವೆಬಾವಿ ನೀರು ಇಂಜಿನ್ನಿನೊಳಗೆ ಸುಣ್ಣದ ಪೊರೆ ಕಟ್ಟುತ್ತದೆ, ಕವಾಟವನ್ನೂ ಕೆಡಿಸುತ್ತದೆ. ತಯಾರಕರು ಹೇಳಿದ ಕೂಲೆಂಟನ್ನು ಮೆದುನೀರಿನಲ್ಲಿ ಬೆರೆಸಿ ಬಳಸುವುದು ಒಳ್ಳೆಯದು. ಈ ಪರೀಕ್ಷೆಯನ್ನು ಬೇಸಗೆಯಲ್ಲೇ ಮುಗಿಸಿಕೊಂಡರೆ, ಹದ ಬಂದ ದಿನ ಟ್ರ್ಯಾಕ್ಟರ್ ಹೊಲದಲ್ಲಿರುತ್ತದೆ, ರಿಪೇರಿ ಅಂಗಡಿಯ ಮುಂದಲ್ಲ.