ವೈಲಿ ಅವೆನ್ಯೂ: ಬುಲ್ಡೋಜರ್ ಅಳಿಸಿದ ಜಾಝ್ ಬೀದಿಯ ಕಥೆ

ಇವತ್ತು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋಗೋಣ. ಉಕ್ಕಿನ ಕಾರ್ಖಾನೆಗಳ ಊರು ಅದು. ನಗರದ ಮುಖ್ಯ ವ್ಯಾಪಾರ ಪ್ರದೇಶಕ್ಕೆ ಅಂಟಿಕೊಂಡಂತೆ ಒಂದು ಗುಡ್ಡದ ಬಡಾವಣೆ ಇದೆ, ಹೆಸರು ಹಿಲ್ ಡಿಸ್ಟ್ರಿಕ್ಟ್. ಅದರ ಮುಖ್ಯ ಬೀದಿಯೇ ವೈಲಿ ಅವೆನ್ಯೂ.

ನನಗೆ ಈ ಬೀದಿ ಪರಿಚಯವಾಗಿದ್ದು ಫೋಟೊಗಳ ಮೂಲಕ. 'ಪಿಟ್ಸ್‌ಬರ್ಗ್ ಕೊರಿಯರ್' ಅನ್ನೋ ಆಫ್ರಿಕನ್-ಅಮೆರಿಕನ್ ಪತ್ರಿಕೆಯ ಛಾಯಾಗ್ರಾಹಕ ಚಾರ್ಲ್ಸ್ 'ಟೀನಿ' ಹ್ಯಾರಿಸ್ ತೆಗೆದ ಸುಮಾರು 80 ಸಾವಿರ ನೆಗೆಟಿವ್‌ಗಳು ಈಗ ಅಲ್ಲಿನ ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿವೆ. ಮದುವೆ, ಬೇಸ್‌ಬಾಲ್, ಪ್ರತಿಭಟನೆ, ತುಂಬಿ ತುಳುಕುವ ಕ್ಲಬ್‌ಗಳು. ನೋಡ್ತಾ ಹೋದಂತೆ ನನಗೊಂದು ಪ್ರಶ್ನೆ ಕಾಡಿತು. ಇಷ್ಟೆಲ್ಲ ಒಂದೇ ಗುಡ್ಡದ ಮೇಲೆ ಸೇರಿದ್ದು ಹೇಗೆ?

ಉತ್ತರ ಅಷ್ಟು ಸಿಹಿಯಾಗಿಲ್ಲ. ಕಪ್ಪು ಜನರಿಗೆ ಬೇರೆ ಕಡೆ ಮನೆ ಸಿಗ್ತಿರಲಿಲ್ಲ. ಊರೂರು ಸುತ್ತುವ ಹೆಸರಾಂತ ಕಲಾವಿದರಿಗೂ ಬಿಳಿಯರ ಹೋಟೆಲ್‌ಗಳಲ್ಲಿ ಕೋಣೆ ಕೊಡ್ತಿರಲಿಲ್ಲ. ಸಂಗೀತಗಾರರ ಸಂಘಗಳೂ ಬೇರೆ ಬೇರೆ: ಬಿಳಿಯರದ್ದು ಲೋಕಲ್ 60, ಕಪ್ಪು ಜನರದ್ದು ಲೋಕಲ್ 471. ಹಾಗಾಗಿ ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಹಿಲ್‌ಗೇ ಬರಬೇಕು. ರಾತ್ರಿಯೆಲ್ಲ ಅಲ್ಲೇ ನುಡಿಸಾಟ. ಊರಿನ ಹುಡುಗರು ದೊಡ್ಡವರ ಪಕ್ಕ ನಿಂತು ಕಲಿತರು. ಆರ್ಟ್ ಬ್ಲೇಕಿ, ಬಿಲ್ಲಿ ಸ್ಟ್ರೇಹಾರ್ನ್, ಎರಲ್ ಗಾರ್ನರ್, ಮೇರಿ ಲೂ ವಿಲಿಯಮ್ಸ್ ಇವರೆಲ್ಲ ಪಿಟ್ಸ್‌ಬರ್ಗ್‌ನಲ್ಲೇ ಬೆಳೆದವರು ಅಂದ್ರೆ ಆಶ್ಚರ್ಯ ಆಗುತ್ತೆ ಅಲ್ವಾ?

ಈಗ ಹಣದ ವಿಷಯಕ್ಕೆ ಬರೋಣ. ವೈಲಿ ಅವೆನ್ಯೂದ ಹೆಸರುವಾಸಿ ಕ್ಲಬ್ 'ಕ್ರಾಫರ್ಡ್ ಗ್ರಿಲ್'. ಅದರ ಮಾಲೀಕ ಗಸ್ ಗ್ರೀನ್‌ಲೀ ದುಡ್ಡು ಮಾಡಿದ್ದು 'ನಂಬರ್ಸ್' ಆಟದಿಂದ. ನಮ್ಮ ಮಟ್ಕಾ ಇದ್ದ ಹಾಗೆ, ಕಾನೂನುಬಾಹಿರ. ಆದರೆ ಬ್ಯಾಂಕುಗಳು ಕಪ್ಪು ಜನರಿಗೆ ಸಾಲ ಕೊಡೋಕೆ ಹಿಂದೇಟು ಹಾಕ್ತಿದ್ದ ಕಾಲ ಅದು. ಗ್ರೀನ್‌ಲೀ 'ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್' ಬೇಸ್‌ಬಾಲ್ ತಂಡವನ್ನು ಕೊಂಡು ಬೆಳೆಸಿದ, 1932ರಲ್ಲಿ ಅದಕ್ಕೊಂದು ಸ್ವಂತ ಮೈದಾನವನ್ನೂ ಕಟ್ಟಿಸಿದ. ದೊಡ್ಡ ಲೀಗ್‌ಗಳು ಬಾಗಿಲು ಮುಚ್ಚಿದ್ದ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಆ ತಂಡಕ್ಕೆ ಆಡಿದರು.

ನಾನು ಒತ್ತಿ ಹೇಳಬೇಕಾದ ಮಾತು ಇದು: ಇಲ್ಲಿ ಮನರಂಜನೆ ಅನ್ನೋದು ಬರೀ ಮೋಜು ಅಲ್ಲ. ಒಂದು ಕ್ಲಬ್ ನಡೆದರೆ ವಾದ್ಯಗಾರರು, ಅಡುಗೆಯವರು, ಟ್ಯಾಕ್ಸಿ ಓಡಿಸುವವರು, ದರ್ಜಿ, ಕ್ಷೌರಿಕ ಎಲ್ಲರ ಒಲೆಯೂ ಉರೀತಿತ್ತು. ಸುದ್ದಿ, ಕೆಲಸ, ಪರಿಚಯ ಎಲ್ಲ ಹರಿದಾಡ್ತಿದ್ದುದು ಆ ಬೀದಿಯಲ್ಲೇ.

ಹಾಗಂತ ಅದು ಸ್ವರ್ಗವೇನೂ ಆಗಿರಲಿಲ್ಲ. ಮನೆಗಳು ಹಳೆಯವು, ಇಕ್ಕಟ್ಟಾದವು. ಆದ್ದರಿಂದಲೇ ನಗರಾಡಳಿತ 'ನವೀಕರಣ' ಯೋಜನೆ ತಂದಾಗ ಕೆಲವು ಕಪ್ಪು ಮುಖಂಡರೂ ಮೊದಲಿಗೆ ಬೆಂಬಲಿಸಿದರು. ಒಳ್ಳೆಯ ಮನೆ ಸಿಗುತ್ತೆ ಅನ್ನೋ ಆಸೆ. 1956ರಲ್ಲಿ ಕೆಡವೋ ಕೆಲಸ ಶುರುವಾಯ್ತು. ಸುಮಾರು 95 ಎಕರೆ ಖಾಲಿ, ಸುಮಾರು 8 ಸಾವಿರ ಜನ ಬೇರೆ ಕಡೆಗೆ. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ನೂರಾರು ಅಂಗಡಿ-ವ್ಯಾಪಾರಗಳೂ ಹೋದವು. ಆ ಜಾಗದಲ್ಲಿ 1961ರಲ್ಲಿ ಎದ್ದಿದ್ದು ಸಿವಿಕ್ ಅರೀನಾ. ಅದನ್ನು ಯೋಚಿಸಿದ್ದು ಯಾವುದಕ್ಕೆ ಗೊತ್ತಾ? ಲಘು ಒಪೆರಾ ಪ್ರದರ್ಶನಕ್ಕೆ! ಮೇಲ್ಛಾವಣಿ ತೆರೆದುಕೊಳ್ಳುವ ಕಟ್ಟಡ. ಒಂದು ಸಂಗೀತಕ್ಕಾಗಿ ಇನ್ನೊಂದು ಸಂಗೀತದ ಬೀದಿ ನೆಲಸಮ ಆಯ್ತು.

ಗುಡ್ಡದ ಇನ್ನೂ ಮೇಲಿನ ಭಾಗ ಉಳಿದದ್ದು ಜನ ತಡೆದು ನಿಂತಿದ್ದರಿಂದ. 1960ರ ದಶಕದಲ್ಲಿ ನಿವಾಸಿಗಳು ಕ್ರಾಫರ್ಡ್ ಬೀದಿಯ ಮೂಲೆಯಲ್ಲಿ ಫಲಕ ಹಾಕಿದರು: ಇಲ್ಲಿಂದ ಆಚೆಗೆ ನವೀಕರಣ ಬೇಡ ಅಂತ. ಆ ಮೂಲೆಗೆ ಈಗ 'ಫ್ರೀಡಂ ಕಾರ್ನರ್' ಅಂತ ಹೆಸರು.

1966ರಲ್ಲಿ ಎರಡು ಸಂಗೀತಗಾರರ ಸಂಘಗಳು ಒಂದಾದವು. ಕೇಳೋಕೆ ಒಳ್ಳೆಯ ಸುದ್ದಿ. ಆದರೆ ಕಪ್ಪು ಸಂಗೀತಗಾರರು ತಾವೇ ನಡೆಸ್ತಿದ್ದ ಸಂಘ, ತಮ್ಮದೇ ಕ್ಲಬ್ಬು ಕೈಬಿಟ್ಟುಹೋದವು. ಗೋಡೆ ಒಡೆಯಬೇಕಿತ್ತು ನಿಜ, ಅದರ ಜೊತೆ ಮನೆಯೇ ಹೋಗಬೇಕಿತ್ತಾ?

ಅರೀನಾ ಕೂಡ ಉಳಿಯಲಿಲ್ಲ. 2011ರಲ್ಲಿ ಅದನ್ನೂ ಕೆಡವೋಕೆ ಶುರು ಮಾಡಿದರು. ಉಳಿದಿರೋದು ಹಿಲ್‌ನಲ್ಲೇ ಹುಟ್ಟಿದ ಆಗಸ್ಟ್ ವಿಲ್ಸನ್ ಬರೆದ ನಾಟಕಗಳು ಮತ್ತು ಹ್ಯಾರಿಸ್ ಫೋಟೊಗಳು. ಹ್ಯಾರಿಸ್‌ಗೆ 'ಒನ್ ಶಾಟ್' ಅಂತ ಅಡ್ಡಹೆಸರು ಇತ್ತು, ಯಾಕಂದ್ರೆ ಒಂದೇ ಕ್ಲಿಕ್‌ನಲ್ಲಿ ಕೆಲಸ ಮುಗಿಸ್ತಿದ್ದರು. ಆ ಹೆಸರಿಟ್ಟವರು ಮೇಯರ್ ಡೇವಿಡ್ ಲಾರೆನ್ಸ್. ಬೀದಿ ಕೆಡವಿಸಿದ್ದೂ ಅವರ ಆಡಳಿತವೇ.

ನಿಮ್ಮ ಊರಲ್ಲಿ ಒಂದು ಹಳೆಯ ಬೀದಿಯನ್ನು ಅಗಲ ಮಾಡ್ತೀವಿ, ಚೆಂದ ಮಾಡ್ತೀವಿ ಅಂದಾಗ ಎಷ್ಟು ಮನೆ ಹೋಗುತ್ತೆ ಅಂತ ಮಾತ್ರ ಕೇಳಬೇಡಿ. ಅಲ್ಲಿ ಏನೇನು ಹರಿದಾಡ್ತಿತ್ತು ಅಂತಲೂ ಕೇಳಿ.