ಕಾರ್ನ್‌ವಾಲ್: ಇಂಗ್ಲೆಂಡಿನ ಕಡಲಂಚಿನಲ್ಲಿ ರಜೆಯ ದಿನಗಳು

ಇಂಗ್ಲೆಂಡ್ ಪ್ರವಾಸವೆಂದೊಡನೆ ನಮ್ಮವರ ಕಣ್ಣ ಮುಂದೆ ಸುಳಿಯುವುದು ಲಂಡನ್ನಿನ ಗಡಿಯಾರ ಗೋಪುರ, ಅರಮನೆ, ಥೇಮ್ಸ್ ನದಿ. ಆದರೆ ಆಂಗ್ಲರು ತಮ್ಮ ರಜೆಯನ್ನು ಕಳೆಯಲು ಹಂಬಲಿಸುವ ನೆಲ ಬೇರೆಯೇ ಇದೆ. ದೇಶದ ನೈಋತ್ಯ ತುದಿಯಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಆ ನಾಡಿನ ಹೆಸರು ಕಾರ್ನ್‌ವಾಲ್.

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಹೊರಟ ರೈಲು ಐದು ಗಂಟೆಗಳಿಗೂ ತುಸು ಹೆಚ್ಚು ಕಾಲ ಕ್ರಮಿಸಿ ಪೆನ್ಜಾನ್ಸ್ ತಲುಪುತ್ತದೆ. ಹಳಿ ಅಲ್ಲಿಗೇ ಕೊನೆ. ಪ್ಲಿಮತ್ ದಾಟಿದೊಡನೆ ಟೇಮರ್ ನದಿಯ ಮೇಲೆ ಎದುರಾಗುವ ಕಬ್ಬಿಣದ ಕಮಾನುಗಳಂಥ ಸೇತುವೆ, ವಿಖ್ಯಾತ ಎಂಜಿನಿಯರ್ ಬ್ರೂನೆಲ್ ನಿರ್ಮಿಸಿದ್ದು. 1859ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಪ್ರವಾಸಿಗರು ದೊಡ್ಡ ಸಂಖ್ಯೆಯಲ್ಲಿ ಇತ್ತ ಬರಲು ದಾರಿಯಾದದ್ದೇ ಈ ಸೇತುವೆಯಿಂದ.

ನೋಡಬೇಕಾದ ತಾಣಗಳಿಗೆ ಬರವಿಲ್ಲ. ಸೇಂಟ್ ಐವ್ಸ್ ಪಟ್ಟಣದ ಬೆಳಕಿಗೆ ಮನಸೋತ ಕಲಾವಿದರ ನೆನಪಾಗಿ 1993ರಲ್ಲಿ ಅಲ್ಲಿ ಟೇಟ್ ಕಲಾಶಾಲೆ ಆರಂಭವಾಯಿತು. ಸೇಂಟ್ ಆಸ್ಟೆಲ್ ಬಳಿಯ ಪಾಳುಬಿದ್ದ ಜೇಡಿಮಣ್ಣಿನ ಗಣಿಯೊಂದು 2001ರಲ್ಲಿ ಈಡನ್ ಪ್ರಾಜೆಕ್ಟ್ ಎಂಬ ಗುಮ್ಮಟಗಳ ಸಸ್ಯೋದ್ಯಾನವಾಗಿ ಮರುಜನ್ಮ ಪಡೆಯಿತು. ಮರಜಾಯನ್ ಎದುರಿನ ಸೇಂಟ್ ಮೈಕಲ್ಸ್ ಮೌಂಟ್ ದ್ವೀಪಕ್ಕೆ ಇಳಿತದ ಹೊತ್ತಿನಲ್ಲಿ ಕಲ್ಲುಹಾಸಿನ ಮೇಲೆ ನಡೆದೇ ಹೋಗಬಹುದು. ಭರತ ಬಂತೆಂದರೆ ದೋಣಿಯೇ ಗತಿ. ಇನ್ನು ಲ್ಯಾಂಡ್ಸ್ ಎಂಡ್? ಹೆಸರು ದೊಡ್ಡದು, ಜಾತ್ರೆಯೂ ದೊಡ್ಡದು. ಅದಕ್ಕಿಂತ ಸಮೀಪದ ಪೋರ್ತ್‌ಕರ್ನೋ ಕೊಲ್ಲಿಯೇ ಮೇಲು. ಅಲ್ಲಿ ರೊವೆನಾ ಕೇಡ್ ಎಂಬ ಮಹಿಳೆ ಕಡಲ ಬಂಡೆಯನ್ನೇ ಕಡೆದು ನಿರ್ಮಿಸಿದ ಮಿನಾಕ್ ಬಯಲು ರಂಗಮಂದಿರವಿದೆ. 1932ರಿಂದ ಅದರಲ್ಲಿ ನಾಟಕಗಳು ನಡೆಯುತ್ತಿವೆ. ಮುಂಬಯಿಗೂ ಬ್ರಿಟನ್ನಿಗೂ ಸಂಪರ್ಕ ಕಲ್ಪಿಸಿದ ಸಾಗರತಳದ ತಂತಿ 1870ರಲ್ಲಿ ದಡ ಸೇರಿದ್ದೂ ಇದೇ ಕೊಲ್ಲಿಯಲ್ಲಿ.

ಕೋಲಾರದ ನಂಟು

ಕರಾವಳಿಯುದ್ದಕ್ಕೂ ಬಂಡೆಗಳ ನೆತ್ತಿಯ ಮೇಲೆ ಎತ್ತರದ ಚಿಮಣಿಗಳುಳ್ಳ ಪಾಳು ಕಟ್ಟಡಗಳು ಕಾಣಸಿಗುತ್ತವೆ. ಅವು ತವರ ಮತ್ತು ತಾಮ್ರದ ಗಣಿಗಳಿಂದ ನೀರೆತ್ತುತ್ತಿದ್ದ ಉಗಿಯಂತ್ರಗಳ ಮನೆಗಳು. ಈ ಗಣಿಪ್ರದೇಶವನ್ನು ಯುನೆಸ್ಕೊ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದಾಗ, ಬಳಿಕ ವಿದೇಶಿ ತವರ ಅಗ್ಗವಾದಾಗ, ಇಲ್ಲಿನ ಗಣಿಗಾರರು ಗುಂಪುಗುಂಪಾಗಿ ದೇಶ ಬಿಟ್ಟರು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಅಮೆರಿಕಗಳಿಗೆ ಹೋದವರಂತೆಯೇ ಕೆಲವರು ಕೋಲಾರಕ್ಕೂ ಬಂದರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಅಲ್ಲಿನ ಚಿನ್ನದ ಗಣಿಗಳ ನಿರ್ವಹಣೆ ವಹಿಸಿಕೊಂಡಾಗ, ಆಳದ ಸುರಂಗ ತೋಡುವ ಕಾರ್ಯದ ಮೇಲ್ವಿಚಾರಣೆಗೆ ನಿಂತವರಲ್ಲಿ ಕಾರ್ನ್‌ವಾಲಿನವರು ಪ್ರಮುಖರು. ಕೆಳಗಿಳಿದು ಬೆವರು ಸುರಿಸಿದ ಸಾವಿರಾರು ಕಾರ್ಮಿಕರು ಮಾತ್ರ ನಮ್ಮವರೇ. ಕಾರ್ನ್‌ವಾಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರಲ್ಲಿ. ಕೆಜಿಎಫ್ ಗಣಿಗಳು ಮುಚ್ಚಿದ್ದು 2001ರಲ್ಲಿ. 1990ರಲ್ಲಿ ಕೆಲಸ ನಿಲ್ಲಿಸಿದ ಗೀವರ್ ಗಣಿ ಈಗ ವಸ್ತುಸಂಗ್ರಹಾಲಯ. ಅದರ ಸುರಂಗದೊಳಗೆ ಪ್ರವಾಸಿಗರು ಇಳಿಯಬಹುದು. ಕೆಜಿಎಫ್ ಬಲ್ಲವರಿಗೆ ಆ ಕತ್ತಲೆ ಅಪರಿಚಿತವೆನಿಸಲಾರದು.

ಗಣಿಗಾರರ ಬುತ್ತಿಯಾಗಿದ್ದ ಪೇಸ್ಟಿ ಎಂಬ ಕಡುಬಿಗೆ 2011ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆ ದೊರಕಿತು. ಸಾಂಪ್ರದಾಯಿಕ ಹೂರಣದಲ್ಲಿ ಗೋಮಾಂಸವಿರುತ್ತದೆ. ಸಸ್ಯಾಹಾರಿಗಳು ಕೇಳಿ ಕೊಳ್ಳುವುದು ಲೇಸು. ತರಕಾರಿ ಪೇಸ್ಟಿಯೂ ಅಂಗಡಿಗಳಲ್ಲಿ ಸಿಗುತ್ತದೆ.

ಚೆಲುವಿಗೆ ತೆತ್ತ ಬೆಲೆ

ಇಷ್ಟೆಲ್ಲ ಸೊಬಗಿನ ನಾಡು ಶ್ರೀಮಂತವೇನಲ್ಲ. ತಲಾ ಉತ್ಪನ್ನ ಐರೋಪ್ಯ ಸರಾಸರಿಯ ಶೇ. 75ಕ್ಕಿಂತ ಕಡಿಮೆಯಿದ್ದುದರಿಂದ, ಬ್ರಿಟನ್ ಒಕ್ಕೂಟದಲ್ಲಿದ್ದ ಕಾಲದಲ್ಲಿ ಹಿಂದುಳಿದ ಪ್ರದೇಶಗಳ ನೆರವು ಇದಕ್ಕೆ ಸಲ್ಲುತ್ತಿತ್ತು. ಗಣಿ ಮುಚ್ಚಿತು, ಮೀನುಗಾರಿಕೆ ಕುಗ್ಗಿತು, ಉಳಿದದ್ದು ಪ್ರವಾಸೋದ್ಯಮ. ಅದು ಬೇಸಿಗೆಯಲ್ಲಿ ಕೆಲಸ ಕೊಡುತ್ತದೆ. ಚಳಿಗಾಲದಲ್ಲಿ ಆ ಕೆಲಸ ಕರಗುತ್ತದೆ. ಅತ್ತ ನಗರಗಳ ಹಣವಂತರು ರಜೆಗೆಂದು ಎರಡನೆಯ ಮನೆ ಕೊಂಡಂತೆಲ್ಲ ಮನೆಗಳ ಬೆಲೆ ಏರಿತು. ಹುಟ್ಟೂರಿನಲ್ಲಿ ಬಾಡಿಗೆ ಮನೆಯೂ ಸಿಗದೆ ಯುವಕರು ದೂರ ಸರಿಯುವಂತಾಯಿತು. ಬೇಸಿಗೆಯಲ್ಲಿ ತುಂಬಿ ತುಳುಕುವ ಕೆಲವು ಮೀನುಗಾರರ ಹಳ್ಳಿಗಳಲ್ಲಿ ಜನವರಿಯ ಸಂಜೆ ದೀಪ ಬೆಳಗುವ ಕಿಟಕಿಗಳೇ ವಿರಳ.

2016ರ ಮೇ ತಿಂಗಳಲ್ಲಿ ಸೇಂಟ್ ಐವ್ಸ್ ನಿವಾಸಿಗಳು ಜನಮತಗಣನೆಯಲ್ಲಿ ಶೇ. 80ಕ್ಕೂ ಅಧಿಕ ಬಹುಮತದಿಂದ ಒಂದು ನಿಯಮಕ್ಕೆ ಒಪ್ಪಿಗೆ ನೀಡಿದರು: ಹೊಸದಾಗಿ ಕಟ್ಟುವ ಮನೆ ಕಾಯಂ ವಾಸಕ್ಕಷ್ಟೇ ಮೀಸಲು. ಹಳೆಯ ಮನೆಗಳಿಗೆ ಈ ನಿಯಮ ಅನ್ವಯಿಸದು, ಆದ್ದರಿಂದ ಸಿರಿವಂತರ ಕಣ್ಣು ಅವುಗಳ ಮೇಲೆಯೇ ಬೀಳುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. 2025ರ ಏಪ್ರಿಲ್‌ನಿಂದ ಕಾರ್ನ್‌ವಾಲ್ ಆಡಳಿತವು ಎರಡನೆಯ ಮನೆಗಳ ಮೇಲಿನ ಸ್ಥಳೀಯ ತೆರಿಗೆಯನ್ನು ಇಮ್ಮಡಿಗೊಳಿಸಿದೆ.

ಹಾಗಾದರೆ ಪ್ರವಾಸಿ ಏನು ಮಾಡಬೇಕು? ಹೋಗದಿರುವುದು ಪರಿಹಾರವಲ್ಲ, ಪ್ರವಾಸಿಗರನ್ನೇ ನೆಚ್ಚಿದ ಕುಟುಂಬಗಳು ಅಲ್ಲಿ ಬಹಳ. ಇಡೀ ಮನೆಯನ್ನು ವಾರಕ್ಕೆಂದು ಹಿಡಿಯುವ ಬದಲು ಸ್ಥಳೀಯರೇ ನಡೆಸುವ ವಸತಿಗೃಹದಲ್ಲಿ ಕೊಠಡಿ ಪಡೆದರೆ ಊರಿಗೂ ಒಳಿತು, ಬೆಳಗಿನ ಉಪಾಹಾರವೂ ಬಹುತೇಕ ಅಲ್ಲಿಯೇ ದೊರೆಯುತ್ತದೆ. ಶಾಲಾ ರಜೆಯ ಆಗಸ್ಟ್ ತಿಂಗಳಲ್ಲಿ ದರವೂ ದುಬಾರಿ, ರಸ್ತೆಯೂ ಇಕ್ಕಟ್ಟು. ಮೇ, ಜೂನ್ ಅಥವಾ ಸೆಪ್ಟೆಂಬರ್ ಉತ್ತಮ. ಮಳೆ ಯಾವ ತಿಂಗಳಲ್ಲೂ ಬರಬಹುದು. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಸಾಗುತ್ತವೆಯಾದರೂ, ಎತ್ತರದ ಬೇಲಿಗಳ ನಡುವಿನ ಒಂಟಿದಾರಿಗಳಲ್ಲಿ ಹಿಂದಕ್ಕೆ ಚಲಾಯಿಸುವ ಅಭ್ಯಾಸ ಚೆನ್ನಾಗಿರಬೇಕು.

ಕಡಲಿನ ವಿಷಯದಲ್ಲಿ ಮಾತ್ರ ಸಲಿಗೆ ಸಲ್ಲದು. ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ, ಸೆಳೆತ ಬಲವಾಗಿರುತ್ತದೆ. ಜೀವರಕ್ಷಕರು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು. ಭರತ ಇಳಿತಗಳ ವೇಳಾಪಟ್ಟಿ ನೋಡಿಯೇ ಮರಳಿಗಿಳಿಯಬೇಕು. 1981ರ ಡಿಸೆಂಬರ್ 19ರ ರಾತ್ರಿ, ಬಿರುಗಾಳಿಗೆ ಸಿಲುಕಿದ ಹಡಗಿನವರನ್ನು ಉಳಿಸಲು ಹೊರಟ ಪೆನ್ಲೀ ಜೀವರಕ್ಷಕ ದೋಣಿಯ ಎಂಟೂ ಮಂದಿ ಮರಳಿ ಬರಲಿಲ್ಲ. ಅವರೆಲ್ಲ ಮೌಸ್‌ಹೋಲ್ ಎಂಬ ಪುಟ್ಟ ಬಂದರಿನ ಸ್ವಯಂಸೇವಕರು. ಆ ಊರಿನ ಕ್ರಿಸ್‌ಮಸ್ ದೀಪಾಲಂಕಾರ ನೋಡಲು ಪ್ರತಿ ವರ್ಷ ಜನ ಸೇರುತ್ತಾರೆ. ಡಿಸೆಂಬರ್ 19ರ ಸಂಜೆ ಮಾತ್ರ ಒಂದು ಗಂಟೆ ಕಾಲ ದೀಪಗಳನ್ನು ಆರಿಸಲಾಗುತ್ತದೆ.